ಕಾಕಾ, ಕಲ್ಲಾನೆ ಮತ್ತು ಘಾರಾಪುರಿ

ಮುಂಬೈಯಲ್ಲಿ ನೆಲೆಸಿದ ನಮ್ಮಂಥವರ ಮನೆಗೆ ಊರಿನಿಂದ ನೆಂಟರು ಬರುವುದಕ್ಕೂ ಒಂದು ಸೀಜನ್ ಇದೆ. ಮೇ ತಿಂಗಳಲ್ಲಿ ನಾವು ಊರಿಗೆ ಹೋಗುತ್ತೇವೆ, ಡಿಸೆಂಬರಿನಲ್ಲಿ ಅವರು ಇಲ್ಲಿಗೆ ಬರುತ್ತಾರೆ. ಬೆವರು ಕಡಿಮೆ, ಮಳೆ ಇಲ್ಲ, ಮಕ್ಕಳ ಶಾಲೆಗೆ ನಾತಾಳದ ರಜೆ. (ಕ್ರಿಸ್ಮಸ್ಸಿಗೆ ಮರಾಠಿಯವರು ನಾತಾಳ ಅಂತಾರೆ, ಇಲ್ಲಿನ ಕನ್ನಡಿಗರ ಬಾಯಲ್ಲೂ ಅದೇ ನಿಂತಿದೆ.) ಆಗೆಲ್ಲ ನೆಂಟರನ್ನು ತಿರುಗಾಡಿಸುವ ಒಂದು ಸಿದ್ಧ ಪಟ್ಟಿಯೇ ಇರುತ್ತಿತ್ತು. ಗೇಟ್‌ವೇ, ರಾಣಿಬಾಗ್, ತಾರಾಪೋರವಾಲಾ ಮತ್ಸ್ಯಾಲಯ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ ಗುಡಿ, ಕೊನೆಗೆ ಚೌಪಾಟಿಯಲ್ಲಿ ಭೇಲ್. ಮನೆ ಚಿಕ್ಕದಾದಷ್ಟೂ ತಿರುಗಾಟ ದೊಡ್ಡದು. ಹಗಲು ಹೊತ್ತು ಮನೆಯಲ್ಲಿ ಕೂರಲಿಕ್ಕಾದರೂ ಜಾಗ ಎಲ್ಲಿತ್ತು?

ಚಳಿಗಾಲದ ಅತಿಥಿ ಮುಂಬೈಗೆ ಹೊಸಬನಲ್ಲ. ಐದನೇ ಜಾರ್ಜ್ ದೊರೆ ರಾಣಿ ಮೇರಿಯ ಜೊತೆ ಅಪೋಲೋ ಬಂದರಿನಲ್ಲಿ ಇಳಿದದ್ದು 1911ರ ಡಿಸೆಂಬರ್ 2ರಂದು. ಆ ಭೇಟಿಯ ನೆನಪಿಗೆ ಕಟ್ಟಿದ್ದೇ ಗೇಟ್‌ವೇ. ಅಡಿಗಲ್ಲು ಬಿದ್ದದ್ದು 1913ರಲ್ಲಿ, ಬಾಗಿಲು ತೆರೆದದ್ದು 1924ರಲ್ಲಿ. ದೊರೆ ಬಂದಾಗ ಅಲ್ಲಿ ಇದ್ದದ್ದು ರಟ್ಟಿನ ಮಂಟಪ ಅಂತ ಹೇಳುತ್ತಾರೆ. ಅತಿಥಿ ಬಂದು ಹೋಗಿ ಹದಿಮೂರು ವರ್ಷಕ್ಕೆ ಸ್ವಾಗತದ ಕಮಾನು ಸಿದ್ಧವಾಯಿತು! ಇದನ್ನು ಓದಿದಾಗೆಲ್ಲ ನನಗೆ ನಮ್ಮ ಕಾಕಾ ನೆನಪಾಗುತ್ತಾರೆ. ಅವರು ನನ್ನ ಮನೆಗೆ ಎರಡು ಸಲ ಬಂದರು, ಎರಡೂ ಸಲ ಡಿಸೆಂಬರಿನಲ್ಲೇ. ಮೊದಲನೆಯ ಸಲ ನಾನು ಅವರಿಗೆ ಮಾಡಬೇಕಾಗಿದ್ದ ಉಪಚಾರ ಮೂರು ವರ್ಷ ತಡವಾಯಿತು.

ಕಾಕಾ ಅಂದರೆ ನಮ್ಮ ಅಪ್ಪನ ಖಾಸಾ ತಮ್ಮ. ಊರು ಬಾದಾಮಿ ತಾಲೂಕಿನಲ್ಲಿ, ಮಹಾಕೂಟಕ್ಕೆ ನಡೆದು ಹೋಗಬಹುದಾದಷ್ಟು ದೂರ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಪ್ರಾಥಮಿಕ ಶಾಲೆಯ ಮಾಸ್ತರರಾದವರು. 1964ರಲ್ಲಿ ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ಅಂದಿನಿಂದ ನಮ್ಮ ಹೊಲ, ಮನೆ, ನನ್ನ ಓದು ಎಲ್ಲಾ ಕಾಕಾನ ಕೈಯಲ್ಲೇ. ಧಾರವಾಡದಲ್ಲಿ ನನ್ನ ಎಂ.ಕಾಂ. ಮುಗಿಸಿಸಿದವರೂ ಅವರೇ. ಅದು ಮುಗಿದ ಮೇಲೆ ಬ್ಯಾಂಕಿನ ಕೆಲಸ ಸಿಕ್ಕಿ ಮುಂಬೈಗೆ ಬಂದೆ. ಮದುವೆ ಆಯಿತು, ಮಗಳು ಹುಟ್ಟಿದಳು. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಬಾಡಿಗೆ ಜಾಗ. ಸ್ವಂತದ್ದೊಂದು ಫ್ಲ್ಯಾಟ್ ಮಾಡಬೇಕೆಂಬ ಹುಚ್ಚು ಹತ್ತಿದ್ದೂ ಆಗಲೇ. 1986ರ ದೀಪಾವಳಿ ಮುಗಿದ ಮೇಲೆ ಕಾಕಾಗೆ ಒಂದು ಪತ್ರ ಬರೆದೆ. ಅಪ್ಪನ ಪಾಲು ಎಷ್ಟು, ಇಪ್ಪತ್ತೆರಡು ವರ್ಷದ ಉತ್ಪನ್ನ ಎಷ್ಟು, ಖರ್ಚು ಎಷ್ಟು, ಲೆಕ್ಕ ತಿಳಿಸಬೇಕು ಅಂತ. ಬ್ಯಾಂಕಿನವರು ಸಾಲಗಾರರಿಗೆ ಬರೆಯುವ ಪತ್ರದ ಧಾಟಿ ನನ್ನ ಕೈಗೆ ಅಂಟಿತ್ತು. ಅದೇ ಧಾಟಿಯಲ್ಲಿ ಬರೆದೆ.

ಉತ್ತರ ಬರಲಿಲ್ಲ. ಕಾಕಾನೇ ಬಂದರು.

ಬಾದಾಮಿಯಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ, ಸೊಲ್ಲಾಪುರದಲ್ಲಿ ಇಳಿದು ದೊಡ್ಡ ಗಾಡಿ ಹಿಡಿದು ಬರಬೇಕಾಗಿದ್ದ ಕಾಲ ಅದು. ದಾದರಿನಲ್ಲಿ ಕರೆತರಲು ಹೋದಾಗ ಒಂದು ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಕಟ್ಟಿದ ಗಂಟು, ಇನ್ನೊಂದು ಕೈಯಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಪುಸ್ತಕ. ಪ್ಲಾಟ್‌ಫಾರ್ಮಿನ ಜನಜಂಗುಳಿ ನೋಡಿ ಅವರು ಹೆದರಲಿಲ್ಲ. "ನನಗೇನು ಮುಂಬೈ ಹೊಸಾದಲ್ಲಪಾ. ನನ್ನ ಮೊದಲನೇ ಪಗಾರ ಮುಂಬೈ ಸರಕಾರದ್ದು," ಅಂದರು.

ಮಾತು ನಿಜ. 1956ರ ನವೆಂಬರ್ 1ರವರೆಗೆ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ನಾಲ್ಕೂ ಜಿಲ್ಲೆ ಮುಂಬೈಗೇ ಸೇರಿದ್ದವು. ನಮ್ಮ ಹಿರಿಯರಿಗೆ ರಾಜಧಾನಿ ಅಂದರೆ ಬೆಂಗಳೂರಲ್ಲ, ಮುಂಬೈ. ಕಾನೂನು, ಶಾಲೆಯ ಪಠ್ಯ, ಕಂದಾಯದ ಕಾಗದ ಎಲ್ಲಾ ಇಲ್ಲಿಯ ಕಚೇರಿಗಳಿಂದಲೇ ಹೊರಟು ಬರುತ್ತಿದ್ದವು. 'ಮುಂಬೈ ಕರ್ನಾಟಕ' ಅನ್ನುವ ಹೆಸರು ಸರಕಾರಿ ಕಾಗದದಲ್ಲಿ 'ಕಿತ್ತೂರು ಕರ್ನಾಟಕ' ಆದದ್ದು ತೀರಾ ಈಚೆಗೆ, 2021ರಲ್ಲಿ. ನಾನು ಹೊಟ್ಟೆಪಾಡಿಗೆ ಪರವೂರಿಗೆ ಬಂದವನು ಅಂದುಕೊಂಡಿದ್ದೆ. ಕಾಕಾ ತನ್ನ ಹಳೆಯ ಸರಕಾರದ ಊರನ್ನು ನೋಡಲು ಬಂದವರ ಹಾಗೆ ಲೋಕಲ್ ಗಾಡಿಯ ಕಿಟಕಿಯಲ್ಲಿ ಕುಳಿತರು.

ಆದರೆ ಬಂದ ಹೊತ್ತು ಕೆಟ್ಟದಾಗಿತ್ತು. ಈಗಿನವರಿಗೆ ಬ್ಯಾಂಕಿನ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ ಅಂತ ಗೊತ್ತು. ಆಗ ಹಾಗಿರಲಿಲ್ಲ, ಡಿಸೆಂಬರ್ 31ಕ್ಕೆ ನಮ್ಮ ವಾರ್ಷಿಕ ಕ್ಲೋಸಿಂಗ್. ಊರೆಲ್ಲ ನಕ್ಷತ್ರದ ಆಕಾಶಬುಟ್ಟಿ ತೂಗುಹಾಕುವಾಗ ನಾವು ಲೆಜರಿನಲ್ಲಿ ತಲೆ ಹುದುಗಿಸಿರುತ್ತಿದ್ದೆವು. ಗಣಕಯಂತ್ರ ನಮ್ಮ ಶಾಖೆಗೆ ಬಂದಿರಲಿಲ್ಲ. ಒಂದೊಂದು ಉಳಿತಾಯ ಖಾತೆಗೂ ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿ ಹುಡುಕಿ, ಕೂಡಿಸಿ, ಬಡ್ಡಿ ಹಾಕಬೇಕು. ಆಮೇಲೆ ಎಲ್ಲ ಲೆಜರುಗಳ ಮೊತ್ತ ಮುಖ್ಯ ಪುಸ್ತಕದ ಜೊತೆ ತಾಳೆಯಾಗಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿಯೆಲ್ಲ ಹುಡುಕಾಟ. ಹಳೆಯ ಹೆಡ್‌ಕ್ಲಾರ್ಕ್ ಒಬ್ಬರು ನನಗೊಂದು ಕೀಲಿ ಹೇಳಿಕೊಟ್ಟಿದ್ದರು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಪೂರ್ತಿ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿದ್ದಾರೆ, 54ಕ್ಕೆ 45 ಅಂತ. ಭಾಗವಾಗದಿದ್ದರೆ ತಪ್ಪು ಬೇರೆ ಕಡೆ ಇದೆ. ಈ ಕೀಲಿ ಮುಂದೆ ನನಗೆ ಎಲ್ಲಿ ಉಪಯೋಗಕ್ಕೆ ಬಂತು ಅನ್ನೋದನ್ನ ಕೊನೆಗೆ ಹೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಹೊರಟರೆ ರಾತ್ರಿ ಹನ್ನೊಂದಕ್ಕೆ ಮನೆ. ಕಾಕಾ ಎಚ್ಚರವಾಗಿಯೇ ಇರುತ್ತಿದ್ದರು. ಕೆಂಪು ಅರಿವೆಯ ಪುಸ್ತಕ ಅವರ ದಿಂಬಿನ ಬಳಿ. "ಲೆಕ್ಕಾ ಮುಗೀತೇನೋ?" ಅಂತ ಕೇಳೋರು. "ಇನ್ನೂ ಇಲ್ಲ ಕಾಕಾ." "ಇರಲಿ, ಮೊದಲ ಬ್ಯಾಂಕಿಂದು ಮುಗೀಲಿ. ಆಮ್ಯಾಲ ನಮ್ಮದು ನೋಡೂಣು." ದಿನಾ ಇದೇ ಮಾತು. ನಮ್ಮದು ನೋಡುವ ದಿನ ಬರಲೇ ಇಲ್ಲ. ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಹೆದರಿಕೆಯೂ ಇತ್ತು. ಪತ್ರದಲ್ಲಿ ಬರೆದದ್ದನ್ನು ಎದುರಿಗೆ ಕೂತು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಆ ಹತ್ತು ದಿನದಲ್ಲಿ ಸಿಕ್ಕ ರಜೆ ಒಂದೇ, ಡಿಸೆಂಬರ್ 25, ಗುರುವಾರ. ಮಗಳನ್ನು ಎತ್ತಿಕೊಂಡು ಎಲ್ಲರೂ ಭಾಯಖಳಾದ ರಾಣಿಬಾಗಿಗೆ ಹೋದೆವು. ಇಗರ್ಜಿಯಿಂದ ಪೂಜೆ ಮುಗಿಸಿ ಹೊಸ ಬಟ್ಟೆಯಲ್ಲಿ ಬರುತ್ತಿದ್ದ ಜನ ರಸ್ತೆ ತುಂಬ ಇದ್ದರು. ಅವರಲ್ಲಿ ಗೋವಾದವರು, ಮಂಗಳೂರಿನವರು, ಇಲ್ಲಿಯ ಮೂಲನಿವಾಸಿಗಳಾದ 'ಈಸ್ಟ್ ಇಂಡಿಯನ್ನರು' ಎಲ್ಲರೂ ಇರುತ್ತಾರೆ. ಪಶ್ಚಿಮ ಕರಾವಳಿಯವರಿಗೆ 'ಈಸ್ಟ್' ಅನ್ನುವ ಹೆಸರು ಯಾಕೆ ಅಂತ ಕಾಕಾ ಕೇಳಿದರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಇಲ್ಲೇ ಇದ್ದವರು ನಾವು, ಹೊರಗಿನಿಂದ ಕೆಲಸಕ್ಕೆ ಬಂದವರಲ್ಲ ಅಂತ ತೋರಿಸಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಅವರು ಆ ಹೆಸರು ಇಟ್ಟುಕೊಂಡರು. ಊರಲ್ಲೇ ಇದ್ದವರು ಕೂಡ ತಾವು ಊರಿನವರು ಅಂತ ಸಂಘ ಕಟ್ಟಿ ಹೇಳಿಕೊಳ್ಳಬೇಕಾದ ಊರು ಇದು.

ರಾಣಿಬಾಗ್ ಅಂದರೆ 1862ರಲ್ಲಿ ತೆರೆದ ವಿಕ್ಟೋರಿಯಾ ಗಾರ್ಡನ್ಸ್. ಈಗ ಜಿಜಾಮಾತಾ ಹೆಸರಿನ ಉದ್ಯಾನ. ಮಗಳಿಗೆ ಹುಲಿ, ಆನೆ ತೋರಿಸುವುದು ನಮ್ಮ ಉದ್ದೇಶ. ಕಾಕಾ ಮಾತ್ರ ವಸ್ತುಸಂಗ್ರಹಾಲಯದ ಪಕ್ಕ ನಿಂತ ಕಲ್ಲಿನ ಆನೆಯ ಎದುರು ನಿಂತುಬಿಟ್ಟರು. ಮೈತುಂಬ ಬೆಸುಗೆ, ತುಂಡು ತುಂಡು ಜೋಡಿಸಿದ ಆನೆ. "ಇದನ್ನ ಒಡೆದವರು ಯಾರು?" ಅಂದರು.

ಆ ಆನೆಯ ಕತೆ ಹೀಗಿದೆ. ಇದು ಮೊದಲು ಇದ್ದದ್ದು ಘಾರಾಪುರಿ ದ್ವೀಪದಲ್ಲಿ, ದೋಣಿ ಇಳಿಯುವ ಜಾಗದ ಸಮೀಪ. 1534ರಲ್ಲಿ ಈ ಭಾಗ ಪೋರ್ಚುಗೀಸರ ಕೈ ಸೇರಿದ ಮೇಲೆ ಅವರು ಇದನ್ನು ನೋಡಿಯೇ ದ್ವೀಪಕ್ಕೆ 'ಎಲಿಫೆಂಟಾ' ಅಂತ ಹೆಸರಿಟ್ಟರು. 1864ರಲ್ಲಿ ಇಂಗ್ಲಿಷರು ಇದನ್ನು ವಿಲಾಯತಿಗೆ ಸಾಗಿಸಲು ಹೋದರು. ಎತ್ತುವಾಗ ಕ್ರೇನು ಮುರಿದು ಆನೆ ಬಿದ್ದು ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದು ಹಾಕಿದರು. ಅದನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದು 1914ರಲ್ಲಿ. ಐವತ್ತು ವರ್ಷ ಅದು ರಾಶಿಯಾಗಿಯೇ ಇತ್ತು ಅನ್ನಿ. ದ್ವೀಪಕ್ಕೆ ಹೆಸರು ಕೊಟ್ಟ ಆನೆ ದ್ವೀಪದಲ್ಲಿ ಇಲ್ಲ, ಹೆಸರು ಮಾತ್ರ ಅಲ್ಲಿ ಉಳಿದಿದೆ.

ಇಷ್ಟು ಅಲ್ಲಿದ್ದ ಫಲಕದಿಂದ ಮತ್ತು ಹಿಂದೆ ಓದಿದ್ದರಿಂದ ನಾನು ಹೇಳಿದೆ. ಕಾಕಾ ಆನೆಯ ಕಾಲು ಮುಟ್ಟಿ, "ಘಾರಾಪುರಿ ಇಲ್ಲಿಂದ ಎಷ್ಟು ದೂರ?" ಅಂತ ಕೇಳಿದರು. ದೋಣಿಯಲ್ಲಿ ಒಂದು ತಾಸು. "ಹಂಗಾದ್ರ ಹೋಗೂಣು. ಐಹೊಳಿ ಮೇಗುತಿ ಗುಡಿಯೊಳಗ ಪುರಿ ಅಂತ ಬರದದ್ದು ಇದೇ ಇದ್ದೀತು." ಮುಂದಿನ ಭಾನುವಾರ ನೋಡೋಣ ಅಂದೆ. ಆ ಭಾನುವಾರವೂ ಬ್ಯಾಂಕಿನಲ್ಲೇ ಹೋಯಿತು. ಜನವರಿ ಮೊದಲ ವಾರ ಕಾಕಾ ಪುಸ್ತಕವನ್ನು ಬಿಚ್ಚದೆಯೇ ಗಾಡಿ ಹತ್ತಿದರು. ಸ್ಟೇಶನ್ನಿನಲ್ಲಿ ಹೇಳಿದ್ದು ಒಂದೇ ಮಾತು. "ಕೆಲಸದವರಿಗೆ ಹಿಂಗ ಆಗತೈತಿ. ನೀ ಮನಸಿಗೆ ಹಚ್ಚಿಕೋಬ್ಯಾಡ."

ಮೂರು ವರ್ಷ ಲೆಕ್ಕದ ಮಾತು ಯಾರೂ ಎತ್ತಲಿಲ್ಲ. ಇತ್ತ ಸರಕಾರ ಬ್ಯಾಂಕುಗಳ ಲೆಕ್ಕದ ವರ್ಷವನ್ನೇ ಬದಲಿಸಿತು. ಹೊಸ ಪದ್ಧತಿಗೆ ಹೊಂದಿಸಲು 1988ರ ಜನವರಿಯಿಂದ 1989ರ ಮಾರ್ಚ್ 31ರವರೆಗೆ ಹದಿನೈದು ತಿಂಗಳ ಒಂದು ಉದ್ದನೆಯ ವರ್ಷ ನಡೆಯಿತು. ನನ್ನ ಮಟ್ಟಿಗೆ ಇದರ ಅರ್ಥ ಇಷ್ಟೇ, ಡಿಸೆಂಬರ್ ಬಿಡುವಾಯಿತು. ಕೂಡಲೇ ಕಾಕಾಗೆ ಬರೆದೆ. ಈ ಸಲ ಬ್ಯಾಂಕಿನ ಧಾಟಿಯಲ್ಲಿ ಅಲ್ಲ.

1989ರ ನಾತಾಳದ ಮರುದಿನ, ಮಂಗಳವಾರ, ರಜೆ ಹಾಕಿ ಗೇಟ್‌ವೇಗೆ ಹೋದೆವು. ಗೇಟ್‌ವೇಯ ಹಳದಿ ಕಲ್ಲಿನ ಕಮಾನಿನ ಕೆಳಗೆ ನಿಂತು ದೊರೆಯ ಕತೆ ಹೇಳಿದೆ. 1948ರ ಫೆಬ್ರವರಿ 28ರಂದು ಇಂಗ್ಲಿಷರ ಕೊನೆಯ ಪಲ್ಟಣ ಇದೇ ಕಮಾನು ದಾಟಿ ಹಡಗು ಹತ್ತಿದ್ದನ್ನೂ ಹೇಳಿದೆ. "ಬಾ ಅಂತ ಕಟ್ಟಿದ್ದು ಹೋಗಾಕ ಉಪಯೋಗ ಆತು," ಅಂದರು ಕಾಕಾ.

ದೋಣಿಯಲ್ಲಿ ರಜೆಯ ಜನ ಕಿಕ್ಕಿರಿದಿದ್ದರು. ಗುಜರಾತಿ ಸಂಸಾರಗಳು ಥೇಪ್ಲಾದ ಡಬ್ಬಿ ಬಿಚ್ಚಿದ್ದವು. ನನ್ನ ಮಗಳು ಕಾಕಾನ ತೊಡೆಯ ಮೇಲೆ ಕೂತು ಕಡಲಹಕ್ಕಿಗಳಿಗೆ ಚುರುಮುರಿ ಎಸೆಯುತ್ತಿದ್ದಳು. ಒಂದು ಕಡೆ ಜವಾಹರ ದ್ವೀಪದ ಎಣ್ಣೆ ಟ್ಯಾಂಕುಗಳು, ದೂರಕ್ಕೆ ಟ್ರಾಂಬೆಯ ಅಣುಕೇಂದ್ರದ ಗುಮ್ಮಟ. ಮಧ್ಯ ನೀರಿನಲ್ಲಿ ಕಾಕಾ ತಮ್ಮ ಶಾಲೆಯ ದನಿಯಲ್ಲಿ ಶುರುಮಾಡಿದರು. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಅನ್ನುವ ಕವಿ ಬರೆಸಿದ ಸಂಸ್ಕೃತ ಶಾಸನ ಇದೆ. ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಿಕೇಶಿಯ ವಿಜಯಗಳ ಪಟ್ಟಿ ಅದು. ಕೊಂಕಣದ ಮೌರ್ಯರನ್ನು ಸೋಲಿಸಿದ್ದು, ಪಡುವಣ ಕಡಲಿನ ಸಿರಿಯಂತಿದ್ದ ಪುರಿ ಎಂಬ ಪಟ್ಟಣಕ್ಕೆ ನೂರಾರು ಹಡಗುಗಳಲ್ಲಿ ಮುತ್ತಿಗೆ ಹಾಕಿದ್ದು ಅದರಲ್ಲಿ ಬರುತ್ತದೆ. ಆ ಹಡಗುಗಳನ್ನು ಕವಿ ಹೋಲಿಸುವುದು ಮದ ಬಂದ ಆನೆಗಳ ಹಿಂಡಿಗೆ. ಆ ಪುರಿ ಘಾರಾಪುರಿಯೇ ಅಂತ ಕೆಲವು ವಿದ್ವಾಂಸರ ಮತ, ಜಂಜೀರಾದ ಹತ್ತಿರದ ರಾಜಪುರಿ ಅಂತ ಇನ್ನು ಕೆಲವರದ್ದು. ಕಾಕಾ ಎರಡನ್ನೂ ಹೇಳಿದರು. ಆದರೆ ನಮ್ಮ ದೋಣಿ ತೂಗಾಡುತ್ತಾ ದ್ವೀಪದ ಕಡೆ ಹೋಗುವಾಗ ಅವರು ಮೊದಲನೇ ಮತವನ್ನೇ ನಂಬಿದ್ದರು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

ನೂರಿಪ್ಪತ್ತು ಮೆಟ್ಟಿಲು. ಡೋಲಿಯವರು ಸುತ್ತುಗಟ್ಟಿದರು, ಕಾಕಾ ಕೈಬೀಸಿ ನಡೆದೇ ಹತ್ತಿದರು. ಮಂಗಗಳು ಮಗಳ ಕೈಯ ಬಾಳೆಹಣ್ಣು ಕಸಿದವು. ಗುಹೆಯೊಳಗೆ ಕಾಲಿಟ್ಟಾಗ ಹೊರಗಿನ ಗದ್ದಲ ನಿಂತಿತು. ರಾವಣ ಕೈಲಾಸ ಎತ್ತುವುದು, ಅರ್ಧನಾರಿ, ಗಂಗಾಧರ, ಶಿವಪಾರ್ವತಿಯರ ಮದುವೆ, ಅಂಧಕನ ವಧೆ, ಎಲ್ಲ ಒಂದೊಂದಾಗಿ ನೋಡುತ್ತ ಹೋದೆವು. ಎದುರು ಗೋಡೆಯಲ್ಲಿ ಮೂರಾಳು ಎತ್ತರದ ಮೂರು ಮುಖದ ಸದಾಶಿವ. ಬಹಳ ಮೂರ್ತಿಗಳಿಗೆ ಕೈಕಾಲು ಇಲ್ಲ. ಪೋರ್ಚುಗೀಸ್ ಸಿಪಾಯಿಗಳು ಗುರಿ ಕಲಿಯಲು ಇವುಗಳ ಮೇಲೆ ಗುಂಡು ಹಾರಿಸಿದರು ಅಂತ ಹೇಳುತ್ತಾರೆ.

"ಇದನ್ನ ನಮ್ಮ ಚಾಲುಕ್ಯರು ಮಾಡಿಸಿದ್ದೇನು ಕಾಕಾ?" ಅಂತ ಅಭಿಮಾನದಿಂದ ಕೇಳಿದೆ. ಪರವೂರಿನಲ್ಲಿರುವ ಕನ್ನಡಿಗನಿಗೆ ಎಲ್ಲಾದರೂ ಒಂದು ಹಕ್ಕಿನ ಕಲ್ಲು ಸಿಕ್ಕರೆ ಅದೇ ಖುಷಿ. ಕಾಕಾ ನನಗೆ ಆ ಖುಷಿ ಕೊಡಲಿಲ್ಲ. ಹಿಂದೆ ಕೆಲವರು ಇದನ್ನು ಪುಲಿಕೇಶಿಗೂ, ಕೆಲವರು ರಾಷ್ಟ್ರಕೂಟರಿಗೂ ಹಚ್ಚಿದ್ದುಂಟು. ಆದರೆ ದ್ವೀಪದಲ್ಲಿ ಸಿಕ್ಕ ನಾಣ್ಯಗಳು ಕಲಚೂರಿ ಕೃಷ್ಣರಾಜನವು. ಆರನೇ ಶತಮಾನದ ನಡುಭಾಗ, ಕಲಚೂರಿಗಳ ಕಾಲದ ಕೆಲಸ ಅಂತ ಹೆಚ್ಚಿನವರು ಈಗ ಒಪ್ಪುತ್ತಾರೆ. ಖಚಿತವಾಗಿ ಹೇಳಬಹುದಾಗಿದ್ದ ಒಂದು ಶಾಸನದ ಕಲ್ಲು ಬಾಗಿಲ ಮೇಲೆ ಇತ್ತಂತೆ. ಪೋರ್ಚುಗೀಸರು ಅದನ್ನು ಕಿತ್ತು ತಮ್ಮ ದೊರೆಗೆ ಕಳಿಸಿದರು. ಅಲ್ಲಿ ಓದಬಲ್ಲವರು ಯಾರೂ ಸಿಗಲಿಲ್ಲ, ಕಲ್ಲೂ ಕಳೆದುಹೋಯಿತು. ಹದಿನಾರನೇ ಶತಮಾನದ ಅವರದೇ ಇತಿಹಾಸಕಾರ ಕೌಟೋ ಇದನ್ನು ಬರೆದಿಟ್ಟಿದ್ದಾನೆ.

"ನಮ್ಮವರು ಇದನ್ನ ಕಟ್ಟಲಿಲ್ಲಪಾ, ಕಟ್ಟಿದವರನ್ನ ಗೆದ್ದರು. ಅದೂ ಪುಲಿಕೇಶಿಯಲ್ಲ, ಅವನ ಕಾಕಾ," ಅಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಹೆಂಡತಿ ರೊಟ್ಟಿಯ ಗಂಟು ಬಿಚ್ಚಿದಳು. ಆಗ ಕಾಕಾ ಹೇಳಿದ ಕತೆ ನಾನು ಶಾಲೆಯಲ್ಲಿ ಓದಿದ್ದೇ. ಆದರೆ ಅವತ್ತಿನವರೆಗೆ ಅದು ಬರೀ ಪಾಠವಾಗಿತ್ತು.

ಬಾದಾಮಿಯ ಒಂದನೇ ಕೀರ್ತಿವರ್ಮ ತೀರಿಕೊಂಡಾಗ ಮಗ ಪುಲಿಕೇಶಿ ಸಣ್ಣವನು. ಕೀರ್ತಿವರ್ಮನ ತಮ್ಮ ಮಂಗಲೇಶ ರಾಜ್ಯ ನೋಡಿಕೊಂಡ. ಸಾಮಾನ್ಯನಲ್ಲ ಅವನು. ಬಾದಾಮಿಯ ಮೂರನೇ ಗುಹೆ ಅವನು ಮಾಡಿಸಿದ್ದು, ಶಕ 500, ಅಂದರೆ 578ರಲ್ಲಿ, ಅಣ್ಣ ಇನ್ನೂ ಇದ್ದಾಗ. ಅದರ ಸಂಸ್ಕೃತ ಶಾಸನದಲ್ಲಿ ಇದರ ಪುಣ್ಯ ನಮ್ಮ ಅಣ್ಣನಿಗೆ ಸೇರಲಿ ಅಂತ ಬರೆಸಿದ್ದಾನೆ. ಅಲ್ಲೇ ಅವನದೊಂದು ಪುಟ್ಟ ಕನ್ನಡ ಶಾಸನವೂ ಇದೆ. ಗುಹೆಯನ್ನು ಅದು 'ಕಲ್ಮನೆ' ಅನ್ನುತ್ತದೆ. ಮುಂದೆ ಪಟ್ಟಕ್ಕೆ ಬಂದ ಮೇಲೆ ಅವನು ಕಲಚೂರಿ ಬುದ್ಧರಾಜನನ್ನು ಸೋಲಿಸಿದ. ಕೃಷ್ಣರಾಜನ ಮೊಮ್ಮಗ ಈ ಬುದ್ಧರಾಜ. ಅಲ್ಲಿಂದ ತಂದ ಸಂಪತ್ತನ್ನು ಮಂಗಲೇಶ ಮಹಾಕೂಟದ ದೇವರ ಸೇವೆಗೆ ಕೊಟ್ಟ. ಮಹಾಕೂಟದ ಕಂಬದ ಮೇಲೆ ಅದನ್ನು ಬರೆಸಿದ, ಆ ಕಂಬ ಈಗ ಬಿಜಾಪುರದ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಈ ಗುಹೆ ಕೊರೆಸಿದ ಮನೆತನದ ಹಣ ನಮ್ಮೂರ ಪಕ್ಕದ ಗುಡಿಗೆ ಬಂದಿತ್ತು. ಸಣ್ಣವನಿದ್ದಾಗ ಅಮಾವಾಸ್ಯೆಗೊಮ್ಮೆ ಕಾಕಾನ ಕೈಹಿಡಿದು ಹೋಗಿ ನಾನು ಮುಳುಗು ಹಾಕುತ್ತಿದ್ದ ಮಹಾಕೂಟ ಅದು!

ಆಮೇಲೆ ಮಂಗಲೇಶನಿಗೆ ಪಟ್ಟ ತನ್ನ ಮಗನಿಗೇ ಬರಲಿ ಅಂತ ಆಸೆಯಾಯಿತು. ಪುಲಿಕೇಶಿ ಊರು ಬಿಟ್ಟ. ದಂಡು ಕಟ್ಟಿಕೊಂಡು ತಿರುಗಿ ಬಂದ. ಯುದ್ಧದಲ್ಲಿ ಮಂಗಲೇಶನಿಗೆ ಮಗನ ಪಟ್ಟ, ತನ್ನ ರಾಜ್ಯ, ತನ್ನ ಜೀವ ಮೂರೂ ಹೋದವು. ಹೀಗಂತ ಐಹೊಳೆಯ ಶಾಸನ ಹೇಳುತ್ತದೆ.

"ಒಂದು ವಿಚಾರ ಮಾಡು," ಅಂದರು ಕಾಕಾ. "ಐಹೊಳಿ ಶಾಸನ ಬರೆದವಾ ಯಾರು? ಪುಲಿಕೇಶಿ ಆಸ್ಥಾನದ ಕವಿ. ಗೆದ್ದವನ ಕಡಿಯವ. ಈ ಜಗಳದಾಗ ಮಂಗಲೇಶನ ಮಾತು ಏನಿತ್ತು ಅಂತ ಯಾವ ಕಲ್ಲಿನ ಮ್ಯಾಲೂ ಇಲ್ಲ. ಒಂದು ಕಾಲಕ್ಕ ಪುಣ್ಯ ಎಲ್ಲಾ ಅಣ್ಣಗ ಬರೆದುಕೊಟ್ಟ ಮನುಷ್ಯಾ ಅವ. ಮುವತ್ತು ವರ್ಷದಾಗ ಅಣ್ಣನ ಮಗನ ಕೂಡ ಕಾದಾಡಿ ಸತ್ತ. ನಡುವ ಏನಾತು? ನಾ ಸಾಲ್ಯಾಗ ಇದನ್ನ ಎಷ್ಟೋ ವರ್ಷ ಕಲಿಸೀನಿ, ಮಂಗಲೇಶ ಆಸೆಬುರುಕ ಅಂತ. ಪರೀಕ್ಷಾದಾಗ ಹಂಗ ಬರೀದಿದ್ರ ಮಾರ್ಕ್ಸ ಕಡಿಮಿ ಮಾಡೀನಿ. ಒಬ್ಬ ಹುಡುಗನೂ 'ಸರ್, ಅವನ ಲೆಕ್ಕಾ ಕೇಳಿದವರು ಯಾರು' ಅಂತ ಕೇಳಲಿಲ್ಲ."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಕಾಕಾ ನನ್ನನ್ನು ಚುಚ್ಚಲಿಕ್ಕೆ ಹೇಳಿದರೋ, ಮಾಸ್ತರಿಕೆಯ ಹುಕಿಯಲ್ಲಿ ಹೇಳಿದರೋ, ಇವತ್ತಿಗೂ ಗೊತ್ತಾಗಿಲ್ಲ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ಕಾಕಾ, ಆ ಪತ್ರ ನಾನು ಹಾಗೆ ಬರೀಬಾರದಾಗಿತ್ತು," ಅಂದೆ. "ಪತ್ರ ಬರೆದಿ, ಅದು ಬೇಶ ಆತು. ಲೆಕ್ಕಾ ಕೇಳಬೇಕು. ಕೇಳಿ, ನೋಡಲಿಲ್ಲ ನೋಡು, ಅದು ತಪ್ಪು," ಅಂದರು.

ತಿರುಗಿ ಬರುವ ದೋಣಿಯಲ್ಲಿ ಕೆಂಪು ಅರಿವೆ ಬಿಚ್ಚಿದರು. ಅವತ್ತು ಅದನ್ನು ಚೀಲದಲ್ಲಿ ತಂದಿದ್ದರು ಅಂತ ನನಗೆ ತಿಳಿದಿರಲೇ ಇಲ್ಲ. ಪುಸ್ತಕದ ನಡುವೆ ವಾಟ್ನಿಯ ಕಾಗದ, ಹೊಲದಲ್ಲಿ ಸರಿ ಅರ್ಧ ನನ್ನ ಹೆಸರಿಗೆ. ಜೊತೆಗೆ ಅಪ್ಪನ ಪಾಲಿನ ಉತ್ಪನ್ನದಲ್ಲಿ ಉಳಿದದ್ದು ಅಂತ 9,260 ರೂಪಾಯಿ, ಪಾಕೀಟಿನಲ್ಲಿ. ಸಂಜೆಯ ಬಿಸಿಲು ತಾಜ್ ಹೋಟೆಲಿನ ಗುಮ್ಮಟದ ಮೇಲೆ ಬಿದ್ದಿತ್ತು. ಕಡಲ ಮೇಲೆ, ರಜೆಯ ಜನರ ಗದ್ದಲದ ನಡುವೆ, ನಾನು ಸಹಿ ಮಾಡಿದೆ. ಬರೆದದ್ದನ್ನು ಓದಲಿಲ್ಲ. ಅವರು ಪುಸ್ತಕವನ್ನು ನನಗೇ ಕೊಟ್ಟುಬಿಟ್ಟರು. "ಬಿಡುವಾದಾಗ ನೋಡು."

ಬಿಡುವಾಗಲು ಏಳು ವರ್ಷ ಹಿಡಿಯಿತು. 1996ರಲ್ಲಿ ಕಾಕಾ ತೀರಿಕೊಂಡರು. ಊರಿಗೆ ಹೋಗಿ ದಿನಕರ್ಮ ಮುಗಿಸಿ ಬಂದ ಮೇಲೆ ಒಂದು ರಾತ್ರಿ ಅದನ್ನು ಬಿಚ್ಚಿದೆ. ಮಾಸ್ತರರ ಗುಂಡು ಅಕ್ಷರ. ಎಡಕ್ಕೆ ಜೋಳ, ಶೇಂಗಾ, ಕಡಲೆ ಮಾರಿದ್ದು. ಬಲಕ್ಕೆ ಬೀಜ, ಆಳು, ಕಂದಾಯ, ನಮ್ಮ ಅವ್ವನ ಔಷಧ, ನನ್ನ ಅಂಗಿ, ನನ್ನ ಪುಸ್ತಕ. ಬ್ಯಾಂಕಿನವನ ಚಾಳಿ ಬಿಡುತ್ತದೆಯೇ? ಕೂಡಿಸಿ ನೋಡಿದೆ. ಪುಸ್ತಕದ ಪ್ರಕಾರ ನನಗೆ ಬರಬೇಕಾಗಿದ್ದದ್ದು 4,890 ರೂಪಾಯಿ. ಅವರು ಕೊಟ್ಟದ್ದು 9,260. ವ್ಯತ್ಯಾಸ 4,370. ಒಂಬತ್ತರಿಂದ ಭಾಗಿಸಿ ನೋಡಿದೆ, ಭಾಗವಾಗಲಿಲ್ಲ. ಅಂಕಿ ಅದಲುಬದಲಾದ ತಪ್ಪಲ್ಲ.

ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಧಾರವಾಡದ ಎರಡು ವರ್ಷದ ನನ್ನ ಫೀ, ಹಾಸ್ಟೆಲು, ಮೆಸ್ಸಿನ ಬಾಬತ್ತು. ಅದನ್ನು ಮೊದಲು ಅಪ್ಪನ ಪಾಲಿನ ಖರ್ಚಿನಲ್ಲಿ ಬರೆದಿದ್ದರು, ನಾನು ಕೂಡಿಸಿದ್ದೂ ಅದನ್ನು ಹಿಡಿದೇ. ಆದರೆ ಆ ಪುಟದ ಅಂಚಿನಲ್ಲಿ ಬೇರೆ ಮಸಿಯಲ್ಲಿ ಸಣ್ಣದಾಗಿ ಒಂದು ಸಾಲು ಇತ್ತು: "ಇದು ನನ್ನ ಖರ್ಚು." ಯಾವಾಗ ಬರೆದರೋ, ತಾರೀಖು ಹಾಕಿರಲಿಲ್ಲ. ನನ್ನ ಪತ್ರ ಬರುವ ಮೊದಲೋ, ಬಂದ ಮೇಲೋ ಅನ್ನುವುದು ನನಗೆ ಈಗಲೂ ಬೇಕಾದ ಮಾಹಿತಿ. ಆ ಕಲ್ಲು ಮಾತ್ರ ಕಳೆದುಹೋಗಿದೆ.

ಹೊಲವನ್ನು ಕಾಕಾನ ದೊಡ್ಡ ಮಗನೇ ಪಾಲಿಗೆ ಮಾಡುತ್ತಿದ್ದಾನೆ. 2024ರ ನಾತಾಳದ ರಜೆಯಲ್ಲಿ ಅವನ ಮಗ, ಅಂದರೆ ಕಾಕಾನ ಮೊಮ್ಮಗ, ಪುಣೆಯಲ್ಲಿ ಓದುತ್ತಿರುವವನು, ನಮ್ಮಲ್ಲಿ ಬಂದಿದ್ದ. ಘಾರಾಪುರಿ ನೋಡಬೇಕು ಅಂದ. ಅದೇ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಜನ ಸತ್ತಿದ್ದರು. ಹೆಂಡತಿ ಬೇಡ ಅಂದಳು. ಆದರೂ ಹೋದೆವು. ಎಲ್ಲರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಮೌನವಾಗಿ ಕುಳಿತಿದ್ದರು. ದ್ವೀಪಕ್ಕೆ 2018ರಲ್ಲಿ ಸಮುದ್ರದಡಿಯ ಕೇಬಲ್ ಹಾಕಿ ಕರೆಂಟು ಕೊಟ್ಟಿದ್ದಾರೆ. ಬಂದರಿನಲ್ಲಿ ಫ್ರಿಜ್ಜು, ಐಸ್‌ಕ್ರೀಮು ಎಲ್ಲಾ ಇದೆ. ಉತ್ತರಕ್ಕೆ ಹೊಸ ಅಟಲ್ ಸೇತು ಕಡಲ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಹುಡುಗ ಗುಹೆಯೆಲ್ಲ ತಿರುಗಿ ಫೋಟೋ ತೆಗೆದ. ಬಾಗಿಲಿಗೆ ಬಂದು, "ದೊಡ್ಡಪ್ಪಾ, ಇಷ್ಟು ದೊಡ್ಡ ಗುಹಾದಾಗ ಮಾಡಿಸಿದವರ ಹೆಸರೇ ಬರೆದಿಲ್ಲಲ್ಲ?" ಅಂದ. ಬರೆದಿದ್ದರಪ್ಪಾ, ಕಿತ್ತುಕೊಂಡು ಹೋದರು ಅಂದೆ. ಮೆಟ್ಟಿಲ ಮೇಲೆ ಕಾಕಾ ಕೂತಿದ್ದ ಜಾಗ ಅಂದಾಜಿನಲ್ಲಿ ಹುಡುಕಿ ಕೂತುಕೊಂಡೆವು. ಅವನಿಗೆ ಮಂಗಲೇಶನ ಕತೆ ಹೇಳಿದೆ. ಆಮೇಲೆ ಚೀಲದಿಂದ ಕೆಂಪು ಅರಿವೆಯ ಪುಸ್ತಕ ತೆಗೆದು ಅವನ ಕೈಗೆ ಕೊಟ್ಟು, ಆ ಅಂಚಿನ ಸಾಲು ತೋರಿಸಿದೆ. ನಿಮ್ಮ ಅಜ್ಜನ ಅಕ್ಷರ, ಇದು ನಿಮ್ಮ ಮನೆಯಲ್ಲಿ ಇರಬೇಕಾದದ್ದು ಅಂದೆ. ಅವನು ಅಲ್ಲೇ ಕೂತು ಮೊದಲ ಪುಟದಿಂದ ಓದಲು ಶುರುಮಾಡಿದ. ಕೊನೆಯ ದೋಣಿ ಹೊರಡುವ ಹೊತ್ತಾಗುವವರೆಗೂ ನಾನು ಅವನನ್ನು ಎಬ್ಬಿಸಲಿಲ್ಲ.